ಇಲಿಯ ಬದಲು ಒಂದು ಚಿಪ್ಪು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಕೊಟ್ಟಿಗೆಯಲ್ಲಿ ಗಬ್ಬದ ಹಸುವಿಗೆ ಬೂಸಾ ಕಲಸುತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ತಲೆ ಎತ್ತದೆಯೇ ಕೇಳಿದಳು: "ಅದೇನೋ ಚಿಪ್ಪು ಮಾಡ್ತೀಯಂತೆ. ಇಷ್ಟು ವರ್ಷ ಓದಿ ಚಿಪ್ಪು ಮಾಡೋದಾ?"

ನಾನು ಫೋನಿನಲ್ಲಿ ಹೇಳಿದ್ದು ಚಿಪ್. ಅವಳಿಗೆ ಕೇಳಿಸಿದ್ದು ತೆಂಗಿನ ಚಿಪ್ಪು. ನಗು ಬಂತು. ಆದರೆ ವಿವರಿಸಲು ಕೂತಾಗ ಅವಳ ಚಿಪ್ಪೇ ಹತ್ತಿರದ ಉಪಮೆ ಅನ್ನಿಸಿತು. ಬೆರಳಿನಷ್ಟು ಉದ್ದದ, ಸಿಲಿಕೋನ್ ರಬ್ಬರಿನಂಥ ಪಾರದರ್ಶಕ ತುಂಡು. ಅದರೊಳಗೆ ಕೂದಲೆಳೆಗಿಂತ ತುಸು ಅಗಲದ ಕಾಲುವೆಗಳು. ಕಾಲುವೆಯ ಗೋಡೆಗೆ ಮನುಷ್ಯನ ಜೀವಂತ ಕೋಶಗಳು. ಪಂಪಿನಿಂದ ದ್ರವ ಹರಿಸಿದರೆ ಆ ಕೋಶಗಳು ರಕ್ತನಾಳದ ಒಳಗೋಡೆಯ ಹಾಗೆ ಬದುಕುತ್ತವೆ. ಅದಕ್ಕೆ ಔಷಧಿಯನ್ನೋ ವಿಷವನ್ನೋ ಕೊಟ್ಟು ಏನಾಗುತ್ತದೆ ಎಂದು ನೋಡಬಹುದು. ಇಲಿಯನ್ನು ಕೊಲ್ಲಬೇಕಿಲ್ಲ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ದನ ಸಾಕುವವರಿಗೆ ಮೊದಲು ಹೊಳೆಯುವ ಪ್ರಶ್ನೆಯನ್ನೇ ಕೇಳಿದಳು: "ಅವು ಬದುಕಿರ್ತವೆ ಅಂತೀಯ. ಹಂಗಾದ್ರೆ ಅವಕ್ಕೆ ಏನು ಹಾಕಿ ಸಾಕ್ತೀಯ?"

"ಒಂದು ತರದ ಗಂಜಿ ಸಿಗುತ್ತೆ ಅವ್ವ" ಎಂದೆ. ಅದು ಪೂರ್ತಿ ಸುಳ್ಳಲ್ಲ, ನಿಜವೂ ಅಲ್ಲ. ಈ ಬರಹ ಆ ಗಂಜಿಯ ಬಗ್ಗೆ.

ನಮ್ಮ ಬಳಗ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಹಂಚಿಹೋಗಿದೆ. ನಮ್ಮ ಮನೆ ನ್ಯಾಮತಿ ಕಡೆ, ಮೆಕ್ಕೆಜೋಳದ ಹೊಲಗಳ ನಡುವೆ. ಅವ್ವನ ತವರು ಹೊನ್ನಾಳಿ ಕಡೆ, ತುಂಗಭದ್ರೆಯ ದಂಡೆಯ ಗದ್ದೆಯೂರು. ಸೋದರಮಾವ ಹೆಂಡತಿಯ ಊರಾದ ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡು ಅಲ್ಲೇ ನಿಂತ. ಚಿಕ್ಕಮ್ಮನನ್ನು ಕೊಟ್ಟದ್ದು ಜಗಳೂರಿಗೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಸೀಮೆ. ನೀರು, ಬೆಳೆ, ಮಾತಿನ ಧಾಟಿ ಎಲ್ಲ ಬೇರೆ ಬೇರೆ. ಆದರೆ ಮದುವೆ ಮನೆಯಲ್ಲಿ ಎಲ್ಲರೂ ಸೇರಿದಾಗ ನಾಲ್ಕೂ ಕಡೆಯವರ ಬಳಿ ಒಂದೊಂದು ಹಾವಿನ ಕತೆ ಇದ್ದೇ ಇರುತ್ತದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು. ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು 2024ರಲ್ಲಿ.

ನಮ್ಮ ಮನೆಯ ಕತೆ ಮಾವನದು. ನಾನಾಗ ಎಂ.ಎಸ್ಸಿ. ಓದುತ್ತಿದ್ದೆ, ರಜೆಗೆಂದು ಅವನ ತೋಟಕ್ಕೆ ಹೋಗಿದ್ದೆ. ರಾತ್ರಿ ಕರೆಂಟು ಬಂದಾಗ ನೀರು ತಿರುಗಿಸಲು ಹೋದವನು ಕುಂಟುತ್ತಾ ವಾಪಸು ಬಂದ. ಕೊಳಕುಮಂಡಲ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ಡ್ಯೂಟಿಯಲ್ಲಿದ್ದ ವೈದ್ಯರು ಅವನ ತೋಳಿನಿಂದ 2 ಮಿಲಿ ರಕ್ತ ತೆಗೆದು ಒಂದು ಗಾಜಿನ ನಳಿಗೆಗೆ ಹಾಕಿ, ಸ್ಟ್ಯಾಂಡಿನಲ್ಲಿಟ್ಟು, ಗಡಿಯಾರ ನೋಡಿ, "ಇದನ್ನ ಯಾರೂ ಮುಟ್ಟಬೇಡಿ" ಎಂದರು.

ಇಪ್ಪತ್ತು ನಿಮಿಷ. ಆ ನಳಿಗೆಯನ್ನು ನೋಡುತ್ತಾ ಕೂತದ್ದು ನನಗೆ ಈಗಲೂ ನೆನಪಿದೆ. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಗಾಜಿನಲ್ಲಿ ಗಡ್ಡೆ ಕಟ್ಟುತ್ತದೆ, ನಳಿಗೆ ಓರೆ ಮಾಡಿದರೂ ಅಲ್ಲಾಡುವುದಿಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಮೈಯೊಳಗೇ ಬಳಸಿ ಖಾಲಿ ಮಾಡಿಬಿಟ್ಟಿರುತ್ತದೆ. ವೈದ್ಯರು ನಳಿಗೆ ಎತ್ತಿ ಓರೆ ಮಾಡಿದರು. ಮಾವನ ರಕ್ತ ನೀರಿನ ಹಾಗೆ ಹರಿಯಿತು. ತಕ್ಷಣ ಆ್ಯಂಟಿವೆನಮ್ ಶುರು ಮಾಡಿದರು. ಆಮೇಲೆ ದಾವಣಗೆರೆಯಲ್ಲಿ ಕೆಲವು ದಿನ ಡಯಾಲಿಸಿಸ್ ಆಯಿತು. ಮಾವ ಬದುಕಿದ್ದಾನೆ. ಈಗ ಟಾರ್ಚು, ಗಂಬೂಟು ಇಲ್ಲದೆ ತೋಟಕ್ಕೆ ಇಳಿಯುವುದಿಲ್ಲ.

ಆ ಪರೀಕ್ಷೆಗೆ ಬೇಕಾದದ್ದು ಒಂದು ಹೊಸ, ಒಣಗಿದ ಗಾಜಿನ ನಳಿಗೆ ಮಾತ್ರ. ಪ್ಲಾಸ್ಟಿಕ್ ಆದರೆ ಆಗುವುದಿಲ್ಲ, ಸೋಪಿನ ನೀರಲ್ಲಿ ತೊಳೆದದ್ದೂ ನಂಬಿಕೆಗೆ ಬಾರದು. ಹೆಪ್ಪುಗಟ್ಟುವಿಕೆಯನ್ನು ಕೆರಳಿಸುವುದು ಶುದ್ಧ ಗಾಜಿನ ಮೈ. ಈಗ ಯೋಚಿಸಿದರೆ, ಅದೂ ಒಂದು ಚಿಪ್ಪೇ. ದೇಹದ ಒಂದು ಚೂರನ್ನು ಹೊರಗಿಟ್ಟು, ಒಳಗೆ ಏನಾಗುತ್ತಿದೆ ಎಂದು ಅದರ ಬಾಯಿಂದ ಕೇಳುವುದು. ಅಲ್ಲಿ ಕೇಳುತ್ತಿದ್ದದ್ದು ಮಾವನ ಬಗ್ಗೆ, ಉತ್ತರ ಹೇಳಿದ್ದು ಮಾವನದೇ ರಕ್ತ. ಬೇರೆ ಯಾವ ಜೀವಿಯೂ ನಡುವೆ ಬರಲಿಲ್ಲ.

ಆದರೆ ಮಾವನಿಗೆ ಏರಿಸಿದ ಔಷಧಿಯ ಹಿಂದೆ ಬೇರೆ ಜೀವಿಗಳಿದ್ದವು. ಆ್ಯಂಟಿವೆನಮ್ ತಯಾರಾಗುವುದು ಕುದುರೆಗಳಲ್ಲಿ. 1895ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮೊದಲ ಬಾರಿಗೆ ಅದನ್ನು ತಯಾರಿಸಿದ ಕಾಲದಿಂದ ಮೂಲ ವಿಧಾನ ಹೆಚ್ಚೇನೂ ಬದಲಾಗಿಲ್ಲ. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ, ಏರಿಸುತ್ತಾ ಚುಚ್ಚುತ್ತಾರೆ. ಅದರ ಮೈ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ರಕ್ತ ತೆಗೆದು ಪ್ರತಿಕಾಯ ಬೇರ್ಪಡಿಸುತ್ತಾರೆ. ನಮ್ಮಲ್ಲಿ ಸಿಗುವ ಔಷಧಿಯ ಪೆಟ್ಟಿಗೆಯ ಮೇಲೆ, ಪ್ರತಿ ಮಿಲಿಗೆ ನಾಗರಹಾವಿನ ವಿಷ 0.6 ಮಿಲಿಗ್ರಾಂ, ಕೊಳಕುಮಂಡಲದ್ದು 0.6, ಕಟ್ಟುಹಾವಿನದು 0.45, ಗರಗಸಮಂಡಲದ್ದು 0.45 ಮಿಲಿಗ್ರಾಂ ನಿಷ್ಕ್ರಿಯವಾಗುತ್ತದೆ ಎಂದು ಬರೆದಿರುತ್ತದೆ. ಈ ದಶಾಂಶಗಳು ಎಲ್ಲಿಂದ ಬಂದವು? ಇಲಿಗಳಿಂದ.

ಸುಮಾರು 20 ಗ್ರಾಂ ತೂಗುವ ಬಿಳಿ ಇಲಿಗಳು. ಕೊಲ್ಲುವಷ್ಟು ವಿಷವನ್ನು ಬೇರೆ ಬೇರೆ ಪ್ರಮಾಣದ ಔಷಧಿಯೊಂದಿಗೆ ಬೆರೆಸಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಇಲಿಗಳಿಗೆ ಚುಚ್ಚುತ್ತಾರೆ. ಒಂದು ದಿನ ಕಾದು, ಎಷ್ಟು ಸತ್ತವು, ಎಷ್ಟು ಉಳಿದವು ಎಂದು ಎಣಿಸುತ್ತಾರೆ. ಅರ್ಧ ಇಲಿಗಳನ್ನು ಉಳಿಸುವ ಪ್ರಮಾಣ ಯಾವುದೋ ಅದೇ ಔಷಧಿಯ ಬಲ. ಅರ್ಧ ಸಾಯಬೇಕು ಎಂಬುದು ಇಲ್ಲಿ ಆಕಸ್ಮಿಕವಲ್ಲ, ಅಳತೆಗೋಲೇ ಅದು. ಈ ರೀತಿಯ ಲೆಕ್ಕವನ್ನು 1927ರಲ್ಲಿ ಶುರು ಮಾಡಿದವನು ಜೆ. ಡಬ್ಲ್ಯು. ಟ್ರೆವನ್ ಎಂಬ ಬ್ರಿಟಿಷ್ ವಿಜ್ಞಾನಿ.

ಪಿಎಚ್‌.ಡಿ.ಗೆ ಸೇರುವ ಮುಂಚೆ ತರಬೇತಿಗೆಂದು ಹೋದ ಒಂದು ಪ್ರಯೋಗಾಲಯದಲ್ಲಿ ನಾನೂ ಇಂಥ ಎಣಿಕೆ ಮಾಡಿದ್ದೇನೆ. ಮೊದಲ ಪಂಜರದಲ್ಲಿ ಮೂರು ಸತ್ತಿದ್ದವು, ಮೂರು ಮೂಲೆಯಲ್ಲಿ ಒಂದರ ಮೈಗೆ ಒಂದು ಒತ್ತಿಕೊಂಡು ಕೂತಿದ್ದವು. ಪುಸ್ತಕದಲ್ಲಿ 3/6 ಎಂದು ಬರೆದೆ. ಕೈ ನಡುಗಲಿಲ್ಲ. ಮಾವನ ನೆನಪಿತ್ತು. ಈ ಮೂರರ ಸಾವಿಲ್ಲದೆ ಆ ಔಷಧಿ ಆಸ್ಪತ್ರೆಯ ಫ್ರಿಜ್ಜಿಗೆ ಬರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಬೇಡವಾಗಿತ್ತು ಎಂದು ಇವತ್ತೂ ಹೇಳಲಾರೆ. ಹಾಗೆ ಹೇಳಿದರೆ ಅದು ಮಾವನ ಪ್ರಾಣದ ಮೇಲೆ ನಿಂತು ಆಡುವ ಮಾತಾದೀತು.

ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಒಂದು ಫಾರಂ. ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಕಾದರೆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಫಾರಂನಲ್ಲಿ ಕೇಳುತ್ತಾರೆ: ಎಷ್ಟು ಇಲಿ? ಅಷ್ಟೇ ಏಕೆ? ಕಡಿಮೆ ಮಾಡಲು ಸಾಧ್ಯವಿಲ್ಲವೇ? ಬೇರೆ ದಾರಿ ಇಲ್ಲವೇ? ನೋವು ತಗ್ಗಿಸಲು ಏನು ಮಾಡುತ್ತೀರಿ? ಇದರ ಹಿಂದೆ 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಬರೆದ ಪುಸ್ತಕವಿದೆ. ಬದಲಿಸು, ಇಳಿಸು, ಹಗುರಗೊಳಿಸು ಎಂಬುದು ಅದರ ಸಾರ. ಎಷ್ಟೋ ಕಡೆ ಈ ಫಾರಂ ಯಾಂತ್ರಿಕವಾಗಿ ತುಂಬಿಹೋಗುತ್ತದೆ, ನಿಜ. ಆದರೂ ಸಂಖ್ಯೆ ಬರೆಯುವ ಆ ಒಂದು ಕಾಲಂ ಬಳಿ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.

ಚಿಪ್ಪಿನ ಕಡೆ ನಾನು ಬಂದದ್ದು ಆ ಕಾಲಂನಲ್ಲಿ ಸೊನ್ನೆ ಬರೆಯುವ ಆಸೆಯಿಂದ.

2010ರಲ್ಲಿ ಹಾರ್ವರ್ಡ್‌ನ ವೀಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಾನ್ ಹ್ಯೂ, ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು ಉಸಿರಾಡುವ ಶ್ವಾಸಕೋಶದ ಚಿಪ್ಪನ್ನು ಪ್ರಕಟಿಸಿದರು. ಪೆನ್‌ಡ್ರೈವ್‌ನಷ್ಟು ದೊಡ್ಡದು. ನಡುವೆ ರಂಧ್ರಗಳಿರುವ ತೆಳು ಪೊರೆ. ಒಂದು ಬದಿಗೆ ಶ್ವಾಸಕೋಶದ ಕೋಶ ಮತ್ತು ಗಾಳಿ, ಇನ್ನೊಂದು ಬದಿಗೆ ರಕ್ತನಾಳದ ಕೋಶ ಮತ್ತು ಹರಿಯುವ ದ್ರವ. ಪಕ್ಕದ ಕೋಣೆಗಳಿಂದ ಗಾಳಿ ಎಳೆದು ಬಿಟ್ಟರೆ ಪೊರೆ ಹಿಗ್ಗಿ ಕುಗ್ಗಿ, ಎದೆ ಉಸಿರಾಡಿದಂತಾಗುತ್ತದೆ. ಅಲ್ಲಿಂದೀಚೆಗೆ ಯಕೃತ್ತು, ಮೂತ್ರಪಿಂಡ, ಕರುಳು ಎಲ್ಲದರ ಚಿಪ್ಪುಗಳು ಬಂದಿವೆ. ಕಂಪ್ಯೂಟರ್ ಚಿಪ್ ತಯಾರಿಸುವ ತಂತ್ರವನ್ನೇ ಅಚ್ಚು ಮಾಡಲು ಬಳಸಿದ್ದರಿಂದ ಈ ಹೆಸರು. ನನ್ನದು ರಕ್ತನಾಳದ ಚಿಪ್ಪು. ಹರಿವು ಶುರುವಾಗಿ ಒಂದೆರಡು ದಿನ ಕಳೆದರೆ ಕೋಶಗಳೆಲ್ಲ ಹರಿವಿನ ದಿಕ್ಕಿಗೆ ಮೈಚಾಚಿ ಮಲಗುತ್ತವೆ, ಹೊಳೆಯಲ್ಲಿ ಬಾಗಿದ ಹುಲ್ಲಿನ ಹಾಗೆ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡಾಗ ಹೊನ್ನಾಳಿಯ ಹೊಳೆದಂಡೆ ನೆನಪಾಗಿತ್ತು.

ಈ ಚಿಪ್ಪುಗಳು ಬರೀ ಆಟಿಕೆಯಲ್ಲ. 2022ರಲ್ಲಿ 870 ಯಕೃತ್ತಿನ ಚಿಪ್ಪುಗಳಲ್ಲಿ 27 ಔಷಧಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ಪ್ರಾಣಿಗಳಲ್ಲಿ ಪಾಸಾಗಿ ಆಮೇಲೆ ಮನುಷ್ಯರ ಯಕೃತ್ತಿಗೆ ಕೆಡುಕು ಮಾಡಿದ್ದ ಔಷಧಿಗಳಲ್ಲಿ ಶೇಕಡಾ 87ನ್ನು ಚಿಪ್ಪುಗಳು ಹಿಡಿದವು. ಇಲಿ, ಮಂಗಗಳು ಹೇಳಿದ್ದೆಲ್ಲ ಸತ್ಯವಲ್ಲ ಎಂಬುದಕ್ಕೆ 2006ರ ಲಂಡನ್ನಿನ ಘಟನೆಯೂ ಇದೆ. ಮಂಗಗಳಲ್ಲಿ ಏನೂ ತೊಂದರೆ ತೋರದ ಹೊಸ ಔಷಧಿಯೊಂದನ್ನು ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ, ಆರು ಆರೋಗ್ಯವಂತ ಸ್ವಯಂಸೇವಕರು ಕೆಲವೇ ಗಂಟೆಗಳಲ್ಲಿ ತೀವ್ರ ನಿಗಾ ಘಟಕ ಸೇರಿದರು. ಅಮೆರಿಕ 2022ರ ಡಿಸೆಂಬರಿನಲ್ಲಿ ಪ್ರಾಣಿ ಪರೀಕ್ಷೆಯ ಕಡ್ಡಾಯವನ್ನು ಕಾನೂನಿನಿಂದ ತೆಗೆಯಿತು. ಭಾರತವೂ 2023ರ ಮಾರ್ಚಿನಲ್ಲಿ ಹೊಸ ಔಷಧಿಗಳ ನಿಯಮಗಳನ್ನು ತಿದ್ದಿ, ಚಿಪ್ಪಿನಂಥ ವಿಧಾನಗಳಿಗೂ ಬಾಗಿಲು ತೆರೆಯಿತು.

ಹಾವಿನ ವಿಷದ ವಿಷಯದಲ್ಲಿ ಚಿಪ್ಪಿನ ಪರವಾಗಿ ಇನ್ನೊಂದು ಮಾತಿದೆ. ಅದು ಜಗಳೂರಿನ ಚಿಕ್ಕಮ್ಮನಿಗೆ ಸಂಬಂಧಿಸಿದ್ದು. ನಮ್ಮ ದೇಶದ ಆ್ಯಂಟಿವೆನಮ್‌ಗೆ ಬೇಕಾದ ವಿಷ ಬಹುಕಾಲದಿಂದ ಬಹುಪಾಲು ಒಂದೇ ಕಡೆಯಿಂದ, ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತಿದೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ, ಒಂದೇ ಔಷಧಿ ಎಲ್ಲೆಡೆ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಹಲವು ಅಧ್ಯಯನಗಳಲ್ಲಿ ತೋರಿಸಿದೆ. ಅಂದರೆ ಪೆಟ್ಟಿಗೆಯ ಮೇಲಿನ 0.6 ಎಲ್ಲ ಊರಿನ ಹಾವಿಗೂ ಹೊಂದುವ ಸಂಖ್ಯೆಯಲ್ಲ. ಹಾಗಾದರೆ ನಮ್ಮ ಸೀಮೆಯ ಹಾವಿನ ಮೇಲೂ ಪರೀಕ್ಷೆ ಮಾಡಿ ಎಂದು ಚಿಕ್ಕಮ್ಮ ಕೇಳುವುದು ನ್ಯಾಯ. ಆದರೆ ಆ ನ್ಯಾಯದ ಬೆಲೆ ಇನ್ನಷ್ಟು ಇಲಿಗಳು. ಪ್ರತಿ ಸೀಮೆಗೆ, ಪ್ರತಿ ಜಾತಿಗೆ, ಪ್ರತಿ ಬ್ಯಾಚಿಗೆ ಪಂಜರದ ಮೇಲೆ ಪಂಜರ. ಚಿಕ್ಕಮ್ಮನ ಹಿತ ಮತ್ತು ಇಲಿಯ ಹಿತ ಎದುರುಬದುರು ನಿಲ್ಲುತ್ತವೆ. ಚಿಪ್ಪು ಇವೆರಡನ್ನೂ ಒಂದೇ ಬದಿಗೆ ತರಬಲ್ಲದು. ನೆದರ್‌ಲೆಂಡ್ಸ್‌ನ ಸಂಶೋಧಕರು 2024ರಲ್ಲಿ ರಕ್ತನಾಳದ ಚಿಪ್ಪುಗಳಲ್ಲಿ ನಾಗರಹಾವಿನದೂ ಸೇರಿ ಹಲವು ವಿಷಗಳನ್ನು ಹರಿಸಿ, ನಾಳದ ಗೋಡೆ ಹೇಗೆ ಕುಸಿಯುತ್ತದೆ ಎಂದು ನೋಡಿದರು. ಇಲಿ ಸತ್ತಿತು ಎಂಬ ಒಂದು ಸಂಖ್ಯೆಯಿಂದ ಇಷ್ಟು ತಿಳಿಯುವುದಿಲ್ಲ.

ಚಿಪ್ಪಿಗೆ ಗೊತ್ತಿಲ್ಲದ್ದೂ ಬಹಳ ಇದೆ. ಗೋಡೆ ಸೋರಿತೇ ಎಂದರೆ ಉತ್ತರ ಕೊಡುತ್ತದೆ. ಮನುಷ್ಯ ಬದುಕುತ್ತಾನೆಯೇ ಎಂದರೆ ಸುಮ್ಮನಿರುತ್ತದೆ. ಮಾವನ ಮೂತ್ರಪಿಂಡ ಮೂರನೆಯ ದಿನ ಕೈಕೊಟ್ಟ ಹಾಗೆ, ಒಂದು ಅಂಗದ ಪೆಟ್ಟು ಇನ್ನೊಂದಕ್ಕೆ ದಾಟುವುದನ್ನು ಅದು ಪೂರ್ತಿ ಹೇಳಲಾರದು. ಆದ್ದರಿಂದ ಆ್ಯಂಟಿವೆನಮ್‌ನ ಬಲ ಅಳೆಯಲು ಇವತ್ತಿಗೂ ಇಲಿಯೇ ಬೇಕಾಗಿದೆ. ಇದು ತಾಂತ್ರಿಕ ಮಿತಿ, ನಿಧಾನಕ್ಕೆ ಸರಿದೀತು. ನನ್ನ ನಿದ್ದೆ ಕೆಡಿಸಿದ್ದು ಅದಲ್ಲ, ಗಂಜಿ.

ನನ್ನ ಚಿಪ್ಪಿನ ಕೋಶಗಳು ಬರುವುದು ಹೊಕ್ಕುಳಬಳ್ಳಿಯಿಂದ. ಹೆರಿಗೆಯಾದ ಮೇಲೆ ಕತ್ತರಿಸಿದ ಬಳ್ಳಿಯ ಅಭಿಧಮನಿಯ ಒಳಪದರ. 1973ರಿಂದ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ತಾಯಂದಿರು ಒಪ್ಪಿ ಕೊಟ್ಟದ್ದು, ಯಾರಿಗೂ ನೋವಿಲ್ಲ. ನಮ್ಮಜ್ಜಿ ಮೊಮ್ಮಕ್ಕಳ ಹೊಕ್ಕುಳಬಳ್ಳಿಯನ್ನು ಹಿತ್ತಲಲ್ಲಿ ಹೂಳಿಸುತ್ತಿದ್ದಳು. ಯಾರದೋ ಮಗುವಿನ ಬಳ್ಳಿ ನನ್ನ ಇನ್‌ಕ್ಯುಬೇಟರಿನಲ್ಲಿದೆ ಎಂಬುದು ವಿಚಿತ್ರವೆನಿಸಿದರೂ ಕೆಟ್ಟದ್ದೆನಿಸುವುದಿಲ್ಲ. ಕೋಶಗಳು ಅಂಟಿಕೊಳ್ಳಲು ಕಾಲುವೆಗೆ ಬಳಿಯುವ ಕೊಲ್ಲಾಜೆನ್ ಇಲಿಯ ಬಾಲದ್ದು. ಅಲ್ಲಿಗೇ ನನ್ನ ಸೊನ್ನೆ ಸೊನ್ನೆಯಾಗಿ ಉಳಿಯಲಿಲ್ಲ. ಇನ್ನು ಅವು ಬೆಳೆಯಲು ಕುಡಿಯುವ ದ್ರವಕ್ಕೆ ಬೆರೆಸುವುದು ಸೀರಮ್. ಕೋಶ ಸಾಕುವವರೆಲ್ಲ 1950ರ ದಶಕದ ಕೊನೆಯಿಂದ ಬಳಸುತ್ತಾ ಬಂದದ್ದು. ಗಬ್ಬದ ಹಸುವನ್ನು ಕಸಾಯಿಖಾನೆಯಲ್ಲಿ ಕಡಿದಾಗ ಹೊಟ್ಟೆಯಲ್ಲಿ ಸಿಗುವ ಕರುವಿನ ಹೃದಯಕ್ಕೆ ಸೂಜಿ ಚುಚ್ಚಿ ತೆಗೆದ ರಕ್ತದ ತಿಳಿ ಅದು.

ಅವ್ವನ ಪ್ರಶ್ನೆಗೆ ನಾನು ಕೊಡದೇ ಉಳಿದ ಉತ್ತರ ಇದು. ಅವಳ ಕೈ ಆಗ ಗಬ್ಬದ ಹಸುವಿನ ಬೂಸಾದಲ್ಲಿತ್ತು.

500 ಮಿಲಿಯ ಬಾಟಲಿ, ಜೇನಿನ ಬಣ್ಣ. ಬಾಟಲಿಯ ಮೇಲೆ ದೂರದ ದೇಶದ ಹೆಸರು, ಬ್ಯಾಚ್ ನಂಬರು. ಎಷ್ಟು ಕರು ಎಂದು ಬರೆದಿರುವುದಿಲ್ಲ. ಅದನ್ನು ತರಿಸಲು ಯಾವ ನೈತಿಕತಾ ಸಮಿತಿಯೂ ನನ್ನನ್ನು ಪ್ರಶ್ನಿಸಲಿಲ್ಲ, ಖರೀದಿ ವಿಭಾಗದವರು ಬೆಲೆ ಮಾತ್ರ ಕೇಳಿದರು. ಇಲಿಗೆ ಒಂದು ಕಾಲಂ ಇತ್ತು. ಕರುವಿಗೆ ಇಲ್ಲ.

ಜೊತೆಯವರೊಬ್ಬರ ಮುಂದೆ ಇದನ್ನು ಹೇಳಿಕೊಂಡೆ. ಅವರ ಮಾತು ತೂಕದ್ದೇ: ಸೀರಮ್‌ಗಾಗಿ ಯಾರೂ ಹಸು ಕಡಿಯುವುದಿಲ್ಲ, ಮಾಂಸಕ್ಕೆ ಕಡಿದಾಗ ಚೆಲ್ಲಿಹೋಗುವುದನ್ನು ನಾವು ಬಳಸುತ್ತೇವೆ, ಅಷ್ಟೇ. ಇರಬಹುದು. ಆದರೆ ಅಷ್ಟು ದುಬಾರಿ ಬೆಲೆಗೆ ಮಾರುವ ವಸ್ತುವನ್ನು ಚೆಲ್ಲಿಹೋಗುವುದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಜೊತೆಗೆ, ಈ ವಾದ ನನಗೆ ಮನೆಯಿಂದಲೇ ಪರಿಚಿತ. ನಮ್ಮಲ್ಲಿ ಹೋರಿಗರು ಹುಟ್ಟಿದಾಗ ಕೆಲವು ತಿಂಗಳು ಸಾಕಿ ಮಾರುತ್ತಿದ್ದೆವು. ಕೊಂಡವನು ಎಲ್ಲಿಗೆ ಒಯ್ಯುತ್ತಾನೆ ಎಂದು ಅಪ್ಪ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಆ ದುಡ್ಡಿನಲ್ಲಿ ನನ್ನ ಕಾಲೇಜಿನ ಫೀಸೂ ಹೋಗಿದೆ. ಕೇಳದೇ ಇರುವುದನ್ನು ನಾನು ಪ್ರಯೋಗಾಲಯದಲ್ಲಿ ಕಲಿತದ್ದಲ್ಲ.

ಇಲ್ಲಿಂದ ಎರಡು ಕಡೆಗೆ ಜಾರುವುದು ಸುಲಭ. ಎಲ್ಲದರ ಹಿಂದೆಯೂ ಹಿಂಸೆ ಇದೆ, ಚಿಪ್ಪೂ ಇಲಿಯೂ ಒಂದೇ ಎನ್ನುವುದು ಒಂದು. ಅದು ತಪ್ಪು. ಇಪ್ಪತ್ತನಾಲ್ಕು ಗಂಟೆ ವಿಷದಲ್ಲಿ ಒದ್ದಾಡುವ ಜೀವಿ ಪಂಜರದಲ್ಲಿ ಇಲ್ಲವೆಂದರೆ ಅಷ್ಟು ನೋವು ಲೋಕದಲ್ಲಿ ಕಡಿಮೆಯಾಯಿತು, ಅದು ದೊಡ್ಡದೇ. ಪ್ರಾಣಿ ಪ್ರಯೋಗ ನಿಂತಿತು, ನಮ್ಮ ಕೈ ಸ್ವಚ್ಛ ಎನ್ನುವುದು ಇನ್ನೊಂದು. ನನಗೆ ಹೆಚ್ಚು ಭಯ ಇದರದ್ದು. ಏಕೆಂದರೆ ನೋವು ಕಡಿಮೆಯಾಗುವುದರ ಜೊತೆಗೇ ಅದು ಕಣ್ಣಿಂದ ದೂರವೂ ಆಗುತ್ತದೆ. ಇಲಿ ನನ್ನ ಎದುರು ಸಾಯುತ್ತಿತ್ತು, ನಾನು 3/6 ಎಂದು ಬರೆಯುತ್ತಿದ್ದೆ. ಕರು ಸಮುದ್ರದಾಚೆ ಎಲ್ಲೋ ಸಾಯುತ್ತದೆ, ನಾನು ಬಾಟಲಿಯ ಮುಚ್ಚಳ ತೆರೆಯುತ್ತೇನೆ. ಪ್ರಶ್ನೆ ಕೇಳುವಂತೆ ಮಾಡುತ್ತಿದ್ದದ್ದು ಎದುರಿಗಿದ್ದ ಸಾವು. ಅದು ಇಲ್ಲದ ಕಡೆ ಪ್ರಶ್ನೆಯನ್ನು ನಾವೇ ಉದ್ದೇಶಪೂರ್ವಕ ಇಟ್ಟುಕೊಳ್ಳಬೇಕಾಗುತ್ತದೆ.

ನಮ್ಮ ಕಡೆ ಋಣ ಎಂಬ ಮಾತನ್ನು ಬಹಳ ಸಲೀಸಾಗಿ ಬಳಸುತ್ತಾರೆ. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ. ಇವುಗಳಲ್ಲಿ ಹೆಚ್ಚಿನವು ತೀರುವಂಥವಲ್ಲ ಎಂದು ಹೇಳುವವರಿಗೂ ಗೊತ್ತು. ಆದರೂ ಹೇಳುತ್ತಾರೆ. ಕುದುರೆಗೆ, ಇಲಿಗೆ, ಕರುವಿಗೆ ನಾನು ಏನನ್ನೂ ಹಿಂದಿರುಗಿಸಲಾರೆ. ಎಷ್ಟು ಪಡೆದೆ ಎಂದು ಬರೆದಿಡಬಲ್ಲೆ. ಬರೆದಿಟ್ಟ ಲೆಕ್ಕಕ್ಕೆ ಒಂದು ಗುಣವಿದೆ. ನೋಡಿದಾಗಲೆಲ್ಲ ಇಳಿಸಬೇಕು ಅನ್ನಿಸುತ್ತದೆ. ಇಲಿಗಳ ವಿಷಯದಲ್ಲಿ ಆ ಫಾರಂ ಮಾಡಿದ್ದೂ ಇದನ್ನೇ ಇರಬೇಕು.

ಜನವರಿಯಿಂದ ನನ್ನ ಪ್ರಯೋಗದ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆದಿದ್ದೇನೆ. ಪ್ರತಿ ಚಿಪ್ಪಿಗೆ ಎಷ್ಟು ಮಿಲಿ ಸೀರಮ್ ಹೋಯಿತು, ಆ ಚಿಪ್ಪು ನಿಜವಾಗಿ ಬೇಕಿತ್ತೇ. ಯಾರೂ ಕೇಳಿದ್ದಲ್ಲ. ಸೀರಮ್ ಇಲ್ಲದ ಪೋಷಕ ದ್ರವಗಳು ಬಂದಿವೆ. ರಕ್ತನಿಧಿಯಲ್ಲಿ ಅವಧಿ ಮೀರಿದ ಮನುಷ್ಯರ ಪ್ಲೇಟ್‌ಲೆಟ್‌ಗಳಿಂದ ತಯಾರಿಸಿದ ಬದಲಿಯೂ ಇದೆ. ಅವುಗಳಿಗೆ ಬದಲಾಯಿಸಿದರೆ ಹಳೆಯ ಫಲಿತಾಂಶಗಳೊಂದಿಗೆ ಹೋಲಿಸುವುದು ಕಷ್ಟ, ಪ್ರಬಂಧ ಆರು ತಿಂಗಳು ತಡವಾದೀತು ಎಂಬ ಲೆಕ್ಕವೂ ನನ್ನ ತಲೆಯಲ್ಲಿದೆ. ಸುಳ್ಳು ಹೇಳಲಾರೆ, ಆ ಲೆಕ್ಕ ಎಷ್ಟೋ ದಿನ ಗೆದ್ದಿತ್ತು.

ಯುಗಾದಿಗೆ ಮತ್ತೆ ಊರಿಗೆ ಹೋದೆ. ಹಸು ಕರು ಹಾಕಿತ್ತು, ಹೆಣ್ಣು. ಅವ್ವನಿಗೆ ಗಂಜಿಯ ನಿಜ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. "ನಿಮ್ಮ ಮಾವನಿಗೆ ಕೊಟ್ಟಿದ್ದು ಕುದುರೆ ರಕ್ತದ್ದು ಅಂದಿದ್ದೆ. ಈಗ ಇದೊಂದು" ಎಂದಳು. ಆಮೇಲೆ, "ಬೇರೆ ಮೇವು ಇಲ್ವಾ ಅವಕ್ಕೆ?"

ಇದೆ, ಆದರೆ ಒಮ್ಮೆಲೇ ಕೊಟ್ಟರೆ ಕೋಶಗಳು ಸಾಯುತ್ತವೆ ಎಂದೆ.

"ಒಮ್ಮೆಲೇ ಯಾರು ಬದಲಿಸ್ತಾರೆ? ಹಳೇದ್ರಾಗೆ ಹೊಸದು ಸ್ವಲ್ಪ ಸ್ವಲ್ಪ ಬೆರೆಸ್ಬೇಕು. ನಾಕು ದಿನ ಹಾಲು ಕಮ್ಮಿ ಆಗುತ್ತೆ, ಆಮೇಲೆ ಒಗ್ಗುತ್ತೆ."

ಕೈಪಿಡಿಯಲ್ಲೂ ಹಾಗೆಯೇ ಬರೆದಿದೆ. ಬೆಂಗಳೂರಿಗೆ ಬಂದ ವಾರ ಶುರು ಮಾಡಿದೆ. ಶೇಕಡಾ 10 ಇದ್ದ ಸೀರಮ್ ಈಗ 5ಕ್ಕೆ ಇಳಿದಿದೆ. ಎರಡು ಚಿಪ್ಪು ಹಾಳಾದವು, ಕಾಲಂನಲ್ಲಿ ಅದನ್ನೂ ಬರೆದಿದ್ದೇನೆ. ಉಳಿದ ಕೋಶಗಳು ನಿಧಾನವಾಗಿ ಬೆಳೆಯುತ್ತಿವೆ. ನಿನ್ನೆ ನೋಡಿದಾಗ ಹರಿವಿನ ಕಡೆಗೆ ಮೈಚಾಚಲು ಶುರು ಮಾಡಿದ್ದವು.